ಶರಣು ಬಂದವರ ಭಾರ

ಜಾವಗಲ್
8 ಡಿಸೆಂಬರ್ 2024

ಮಹಾಂತೇಶ,

ಕಾಗದದ ತಲೆಯಲ್ಲಿ ಕ್ಷೇಮ ಎಂದು ಬರೆಯುವುದು ನನ್ನ ಕೈಗೆ ಅಭ್ಯಾಸ. ಈ ಸಲ ಬರೆಯುವುದಿಲ್ಲ. ನೀನು ಕ್ಷೇಮವಾಗಿಲ್ಲ, ನಾನೂ ಇಲ್ಲ. ಸುಮ್ಮನೆ ಸುಳ್ಳು ಯಾಕೆ?

ಫೋನ್ ಆಫ್ ಮಾಡಿದ್ದೀಯ. ನಿನ್ನ ಗೆಳೆಯ ಶರತ್ಚಂದ್ರನ ಫೋನಿಗೂ ಮಾಡಬೇಡ, ಪೊಲೀಸರಿಗೆ ಗೊತ್ತಾಗುತ್ತದೆ ಎಂದು ಹೇಳಿ ಹೋದೆ. ಸರಿ, ಕಾಗದ ಬರೆಯುತ್ತೇನೆ. ಜನ್ಮವಿಡೀ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವಳಿಗೆ ಅದೇನು ಕಷ್ಟ? ಆದರೆ ಅರಸೀಕೆರೆಯಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಓಡಿ, ಗೆಳೆಯನ ಕೊಬ್ಬರಿ ಗೋದಾಮಿನಲ್ಲಿ ಅಡಗಿ ಕೂತ ಮಗನಿಗೆ ಬರೆಯಬೇಕಾಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮೊದಲು ಕೇಳು. ಆ ಮನುಷ್ಯ ಬದುಕಿದ್ದಾನೆ. ಹೆಸರು ಉಗ್ರಪ್ಪ, ಬಸ್ತಿಹಳ್ಳಿಯವನು, ಮರ ಹತ್ತಿ ಕಾಯಿ ಕೆಡವುವ ಕೆಲಸ. ನಿನ್ನ ಟೆಂಪೋ ತಾಗಿದ್ದರಿಂದ ಬಲಗಾಲು ಎರಡು ಕಡೆ ಮುರಿದಿದೆ, ಹಾಸನದ ಆಸ್ಪತ್ರೆಯಲ್ಲಿದ್ದಾನೆ. ಅವನ ತಾಯಿ ಗಿಡ್ಡಮ್ಮ ಹಿಂದೆಯೇ ನಡೆದು ಬರುತ್ತಿದ್ದಳಂತೆ, ಎಲ್ಲ ಕಣ್ಣಾರೆ ಕಂಡಿದ್ದಾಳಂತೆ. ಮಂಜಿನಲ್ಲಿ ನಾಯಿಗೆ ತಾಗಿತು ಅಂದುಕೊಂಡೆ, ನಿಲ್ಲಿಸಲಿಲ್ಲ ಎಂದು ನೀನು ಹೇಳಿದ್ದನ್ನು ನಂಬಿದ್ದೇನೆ. ಅದನ್ನೇ ಬಂದು ಹೇಳು.

ವಕೀಲ ಚೇತನ್‌ಕುಮಾರನನ್ನು ಕಂಡು ಬಂದೆ. ‘ಟೀಚರ್, ಅವನಾಗೇ ಬಂದು ಶರಣಾಗ್ಲಿ, ಹುಡುಕಿ ಹಿಡಿಯೋದು ಬೇರೆ, ತಾನೇ ಬರೋದು ಬೇರೆ, ಜಾಮೀನು ಸಿಗುತ್ತೆ’ ಎಂದ. ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಆಯ್ಕೆಯಾಗಿದ್ದೀಯ, ಕೇಸು ಬಿದ್ದರೆ ಅದು ಕೈತಪ್ಪಬಹುದು, ನನಗೂ ಗೊತ್ತು. ಆದರೂ ಬಾ.

ನಿನ್ನ ಅಮ್ಮ

*

ಸೊಲ್ಲಾಪುರ
15 ಡಿಸೆಂಬರ್ 2024

ಅಮ್ಮ,

ಶರಣಾಗು ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟೆ!

ಹಾಲು ಹಾಕುವವರಿಂದ ಹಿಡಿದು ಮಠದ ಸ್ವಾಮಿಗಳವರೆಗೆ ಬಾಗಿಲಿಗೆ ಬಂದವರಿಗೆಲ್ಲ ಕೈಮುಗಿದು ಶರಣು ಅನ್ನುವುದನ್ನು ನೀನೇ ಕಲಿಸಿದ್ದು. ಆ ಮಾತನ್ನು ಈಗ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಹೇಳು ಅಂತೀಯ. ಇಲ್ಲಿ ಶರತ್ಚಂದ್ರ ಕನ್ನಡ ಪೇಪರ್ ತರಿಸುತ್ತಾನೆ. ಅದರಲ್ಲಿ ಶರಣಾಗುವವರು ಇಬ್ಬರೇ. ಒಬ್ಬ ಪೊಲೀಸರಿಗೆ, ಇನ್ನೊಬ್ಬ ನೇಣಿಗೆ. ಶರಣಾಗುವುದು ಅಂದರೆ ಸೋತೆ ಅಂತ ಕೈಯೆತ್ತುವುದು, ಅಷ್ಟೇ.

ಆ ಕೆಲಸಕ್ಕೆ ಎಷ್ಟು ವರ್ಷ ಅರ್ಜಿ ಹಾಕಿದೆ ಅಂತ ನಿನಗೆ ಗೊತ್ತು. ಟೆಂಪೋದಲ್ಲಿ ಎಳನೀರು ಹೊತ್ತು ಹೊತ್ತು ಬೆನ್ನು ಬಿದ್ದುಹೋಗಿದೆ. ಖಾಕಿ ಅಂಗಿ ಹಾಕಿಕೊಂಡು ಅರಸೀಕೆರೆ ಸ್ಟ್ಯಾಂಡಿನಿಂದ ಬಸ್ಸು ಹೊರಡಿಸಬೇಕು ಅನ್ನುವುದೊಂದೇ ಆಸೆ ನನಗಿದ್ದದ್ದು. ಅದನ್ನು ನನ್ನ ಕೈಯಾರೆ ಹಾಳು ಮಾಡಿಕೊಳ್ಳಲಾರೆ. ನಾನು ಬರುವುದಿಲ್ಲ.

ಆ ಉಗ್ರಪ್ಪ ಏನಾದರೂ ಹೇಳಿದ್ದಾನಾ? ಅವತ್ತು ಏನಾಯಿತು ಅಂತ ಅವನಿಗೆ ನೆನಪಿದೆಯಾ?

ಮಹಾಂತೇಶ್

*

ಜಾವಗಲ್
21 ಡಿಸೆಂಬರ್ 2024

ಅಯ್ಯೋ ನನ್ನ ಮಗನೇ,

ಕನ್ನಡ ಟೀಚರ್ ಹೊಟ್ಟೆಯಲ್ಲಿ ಹುಟ್ಟಿ, ಶರಣಾಗುವುದು ಅಂದರೆ ಸೋತೆ ಅಂತ ಕೈಯೆತ್ತುವುದು ಎಂದು ಬರೆದಿದ್ದೀಯಲ್ಲ! ಆ ಸಾಲಿನ ಕೆಳಗೆ ಕೆಂಪು ಗೀಟು ಹಾಕಿಟ್ಟಿದ್ದೇನೆ. ನಾಚಿಕೆಯಾಗಬೇಕು.

ಕೇಳು. ಸಂಸ್ಕೃತದಲ್ಲಿ ಶರಣ ಎಂದರೆ ಮನೆ. ಗುಡಿಸಲಾದರೂ ಸರಿ, ತಲೆಯ ಮೇಲೊಂದು ಮರೆ. ಇನ್ನೊಂದು ಅರ್ಥ ಕಾಯುವವನು. ಹಳೆಯ ನಿಘಂಟು ಯಾವುದನ್ನೇ ತೆಗೆ, ಮೊದಲು ಸಿಗುವುದು ಇವೆರಡೇ. ಶರಣಾಗತಿಯಲ್ಲಿರುವ ಆಗತಿ ಎಂದರೆ ಬರುವುದು. ಎರಡನ್ನೂ ಸೇರಿಸಿ ನೋಡು. ಮನೆಗೆ ಬರುವುದು, ಕಾಯುವವನ ಹತ್ತಿರ ಬರುವುದು. ಇದರಲ್ಲಿ ಸೋಲು ಎಲ್ಲಿದೆ, ತೋರಿಸು. ಸಂಸ್ಕೃತ ಬೇಡವೆಂದರೆ ನಮ್ಮ ಹಳಗನ್ನಡದಲ್ಲೇ ಇದೆ, ಮರೆವೊಗು ಎಂದು. ಮರೆಯೊಳಕ್ಕೆ ಹೋಗುವುದು. ಮಳೆ ಬಂದಾಗ ಸೂರಿನ ಕೆಳಗೆ ಓಡುವುದಿಲ್ಲವೇ, ಹಾಗೆ. ಅದನ್ನು ಸೋಲು ಮಾಡಿದವರು ಯುದ್ಧ ಗೆದ್ದವರು. ಸೋತವನು ಬೇರೆ ದಾರಿಯಿಲ್ಲದೆ ಗೆದ್ದವನ ಹತ್ತಿರವೇ ಹೋಗಬೇಕಾಯಿತು. ಬರುಬರುತ್ತಾ ಜನ ಸೂರನ್ನು ಬಿಟ್ಟು ಸೋಲನ್ನಷ್ಟೇ ಇಟ್ಟುಕೊಂಡರು. ಇನ್ನು ನೇಣಿಗೆ ಶರಣು ಎಂದು ಅಚ್ಚು ಹಾಕುವವರ ಕಿವಿ ಹಿಂಡಬೇಕು. ನೇಣು ಯಾರನ್ನು ಕಾದಿದೆ?

ಇನ್ನೂ ಇದೆ, ಆಕಳಿಸಬೇಡ. ನಮ್ಮ ಸೀಮೆಯ ಹಳೆಯ ಶಾಸನಗಳಲ್ಲಿ ಅರಸರಿಗೂ ದಂಡನಾಯಕರಿಗೂ ಒಂದು ಬಿರುದು ಬರುತ್ತದೆ, ಶರಣಾಗತವಜ್ರಪಂಜರ ಎಂದು. ಶರಣು ಬಂದವರಿಗೆ ವಜ್ರದ ಪಂಜರದಂತೆ ನಿಲ್ಲುವವನು. ಮಕ್ಕಳನ್ನು ಹಳೇಬೀಡಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದಾಗಲೆಲ್ಲ ಇದನ್ನು ಹೇಳುತ್ತಿದ್ದೆ. ನೀನೂ ಸಾಲಿನಲ್ಲಿ ಕಡಲೆಕಾಯಿ ಮುಕ್ಕುತ್ತಾ ನಿಂತಿರುತ್ತಿದ್ದೆ. ಬಿರುದು ಯಾರಿಗೆ ಬಂತು ಗಮನಿಸು. ಶರಣು ಬಂದವನಿಗಲ್ಲ, ಬರಮಾಡಿಕೊಂಡವನಿಗೆ. ಬಂದವನು ಒಂದು ಮಾತು ಹೇಳಿ ಕೂತುಬಿಡುತ್ತಾನೆ. ಆಮೇಲಿನ ಭಾರವೆಲ್ಲ ಇನ್ನೊಬ್ಬನದು. ಕೈಬಿಟ್ಟರೆ ಅವನು ಊರಿಗೆ ಮುಖ ತೋರಿಸುವ ಹಾಗಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಬಾ. ಕಾನೂನು ನಿನ್ನನ್ನು ನುಂಗಿಬಿಡುವುದಿಲ್ಲ. ಉಗ್ರಪ್ಪನಿಗೆ ಏನೂ ನೆನಪಿಲ್ಲವಂತೆ, ಪ್ರಜ್ಞೆ ತಪ್ಪಿತ್ತಂತೆ. ಅದನ್ನು ಯಾಕೆ ಕೇಳಿದೆ?

ಅಮ್ಮ

*

ಸೊಲ್ಲಾಪುರ
30 ಡಿಸೆಂಬರ್ 2024

ಅಮ್ಮ,

ಪಾಠ ಚೆನ್ನಾಗಿದೆ. ಪರೀಕ್ಷೆ ಬರೆಯಬೇಕಾದವನು ನಾನು.

ಇನ್ನು ಈ ವಿಷಯ ಬರೆಯಬೇಡ. ಬರೆದರೆ ಶರತ್ಚಂದ್ರನಿಗೂ ಹೇಳದೆ ಇಲ್ಲಿಂದ ಎಲ್ಲಿಗಾದರೂ ಹೋಗುತ್ತೇನೆ. ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ. ಪೇಪರ್‌ನವರು ಹೇಳುವ ಎರಡರಲ್ಲಿ ಪೊಲೀಸರಿಗಿಂತ ಇನ್ನೊಂದೇ ಸುಲಭ ಅಂತ ಒಂದೊಂದು ಸಲ ಅನ್ನಿಸುತ್ತದೆ.

ಮಹಾಂತೇಶ್

*

ಜಾವಗಲ್
12 ಜನವರಿ 2025

ಚಿನ್ನಾ,

ಎಲ್ಲ ಸರಿಹೋಯಿತು. ಬಾ. ಶರಣಾಗತಿಯೂ ಬೇಡ, ವಕೀಲನೂ ಬೇಡ. ನೆಟ್ಟಗೆ ಮನೆಗೆ ಬಾ.

ಪೊಲೀಸರು ಜಾವಗಲ್ ಸುತ್ತಲಿನ ಟೆಂಪೋಗಳನ್ನೆಲ್ಲ ಮೊನ್ನೆ ಸಂತೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಗಿಡ್ಡಮ್ಮನನ್ನು ಕರೆತಂದಿದ್ದರು. ನಮ್ಮದೂ ಇತ್ತು. ಆಕೆ ಒಂದೊಂದನ್ನೂ ನೋಡಿಕೊಂಡು ಬಂದು, ‘ಇದ್ರಾಗೆ ಯಾವ್ದೂ ಅಲ್ಲ ಸ್ವಾಮಿ’ ಎಂದಳು. ಮುಗಿಯಿತು. ಯಾವುದೋ ದೂರದ ಗಾಡಿ ಇರಬೇಕು ಎಂದು ಅವರೂ ಹೊರಟುಹೋದರು. ಹೇಗೆ, ಏನು ಎಂದು ಕೇಳಬೇಡ. ಎಳ್ಳುಬೆಲ್ಲ ಮಾಡಿಟ್ಟಿದ್ದೇನೆ, ಸಂಕ್ರಾಂತಿಗೆ ಬಾರದಿದ್ದರೂ ಆ ವಾರವಾದರೂ ಬಾ.

ಊಟ ಮಾಡು ಕಣೋ. ಕೆಟ್ಟ ಯೋಚನೆ ಮಾಡಬೇಡ. ನಿನ್ನ ಹೋದ ಕಾಗದ ಓದಿದಾಗಿನಿಂದ ನನ್ನ ಎದೆ ಹೊಡೆದುಕೊಳ್ಳುವುದು ನಿಂತಿರಲಿಲ್ಲ. ಇವತ್ತು ನಿಂತಿದೆ.

ಅಮ್ಮ

*

ಸೊಲ್ಲಾಪುರ
18 ಜನವರಿ 2025

ಅಮ್ಮ,

ಕಾಗದ ಓದಿ ಕುಣಿಯಬೇಕಿತ್ತು. ಶರತ್ಚಂದ್ರ ಪೇಡ ತರಿಸಿದ. ನಾನು ಮುಟ್ಟಲಿಲ್ಲ.

ಬಾಗಿಲ ಮೇಲೆ ಬಸವ ಕೃಪೆ ಅಂತ ಹಳದಿ ಬಣ್ಣದಲ್ಲಿ ಬರೆಸಿದ ಟೆಂಪೋ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಆ ಮುದುಕಿ ಅದನ್ನು ನೋಡಿದ್ದಾಳೆ, ನನಗೆ ಗೊತ್ತು. ನೋಡಿಯೂ ಅಲ್ಲ ಅಂದಳು. ಹೆತ್ತ ಮಗನ ಕಾಲು ಮುರಿದ ಗಾಡಿ ಎದುರಿಗೆ ನಿಂತಿದ್ದರೂ ಯಾವ ತಾಯಿ ಹಾಗೆ ಅನ್ನುತ್ತಾಳೆ? ದುಡ್ಡು ಕೊಟ್ಟೆಯಾ? ಯಾರ ಕೈಲಾದರೂ ಹೆದರಿಸಿದೆಯಾ? ಕೇಳಬೇಡ ಅಂದರೆ ಕೇಳದೆ ಇರುವವನಲ್ಲ ನಾನು. ಹೇಳಿದರೆ ಬರುತ್ತೇನೆ.

ಮಹಾಂತೇಶ್

*

ಜಾವಗಲ್
25 ಜನವರಿ 2025

ಮಹಾಂತೇಶ,

ದುಡ್ಡು ಕೊಟ್ಟೆಯಾ, ಹೆದರಿಸಿದೆಯಾ! ಯಾರನ್ನು ಕೇಳುತ್ತಿದ್ದೀಯ ಎಂಬ ಎಚ್ಚರ ಇದೆಯೇನೋ? ನಾನು ಮಾಡಿದ್ದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕೇಳು.

ನಿನ್ನ ಡಿಸೆಂಬರ್ ಕೊನೆಯ ಕಾಗದ ಬಂದ ದಿನ ಒಲೆ ಹಚ್ಚಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹಳೇಬೀಡಿನ ಬಸ್ಸು ಹತ್ತಿದೆ, ಅಲ್ಲಿಂದ ಬಸ್ತಿಹಳ್ಳಿಗೆ ನಡೆದೆ. ಉಗ್ರಪ್ಪನನ್ನು ಆಗಷ್ಟೇ ಆಸ್ಪತ್ರೆಯಿಂದ ಕರೆತಂದಿದ್ದರು. ಒಳಗೆ ಮಂಚದ ಮೇಲೆ ಮಲಗಿದ್ದ. ಗಿಡ್ಡಮ್ಮ ಹೊರಗೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನನ್ನನ್ನು ನೋಡಿ, ‘ಏನ್ ಟೀಚರಮ್ಮ, ಈಟು ದೂರ?’ ಎಂದಳು. ಆಕೆಯ ಮುಂದೆ ಮಂಡಿಯೂರಿ ಕೂತೆ, ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದೆ.

ಸೆರಗೊಡ್ಡಿ ಕೂತ ಹೆಂಗಸನ್ನು ಬರಿಗೈಯಲ್ಲಿ ಎಬ್ಬಿಸುವ ಮನೆ ಈ ಸೀಮೆಯಲ್ಲಿಲ್ಲ. ಆಕೆಗೆ ಅದು ಗೊತ್ತು, ನನಗೂ ಗೊತ್ತು. ಮುಖ ಬೆಳ್ಳಗಾಯಿತು. ‘ಏಳಿ ಟೀಚರಮ್ಮ, ಹಿಂಗ್ ಮಾಡ್ಬ್ಯಾಡಿ, ಏನಂತ ಬಾಯಲ್ಲಿ ಹೇಳಿ’ ಎಂದಳು. ಆಗ ಹೇಳಿದೆ. ‘ಆ ಗಾಡಿ ನನ್ನ ಮಗನದು. ನಿಮಗೆ ಶರಣು ಬಂದಿದ್ದೀನಿ. ನನ್ನ ಮಗನನ್ನ ಉಳಿಸಿಕೊಡಿ.’

ಒಳಗಿನಿಂದ ಉಗ್ರಪ್ಪ ‘ಯಾರವ್ವ?’ ಎಂದು ಕೂಗಿದ. ಆಕೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೊನೆಗೆ ಮೊರದಿಂದ ಒಂದು ಹಿಡಿ ರಾಗಿ ತೆಗೆದು ನನ್ನ ಸೆರಗಿಗೆ ಹಾಕಿದಳು. ‘ನನ್ ಬಾಯ್ ಕಟ್ಟಾಕ್ಬುಟ್ರಲ್ಲ ಟೀಚರಮ್ಮ’ ಎಂದಳು. ಅಷ್ಟೇ.

ಈಗ ಹೇಳು, ಇದರಲ್ಲಿ ಅನ್ಯಾಯ ಏನಿದೆ? ನಾನು ನಿನಗೆ ಕಲಿಸಿದ್ದನ್ನೇ ಮಾಡಿದೆ. ನೀನು ಹೋಗಲಿಲ್ಲ, ನಿನ್ನ ಬದಲು ನಾನು ಹೋದೆ. ಆಕೆ ದೊಡ್ಡ ಮನಸ್ಸಿನವಳು, ಕೊಟ್ಟ ಮಾತು ನಡೆಸಿದಳು. ಸಂತೆ ಮೈದಾನದಲ್ಲಿ ನಮ್ಮ ಟೆಂಪೋದ ಮುಂದೆ ಬಂದಾಗ ಒಂದು ಕ್ಷಣ ನಿಂತಳು. ನನ್ನ ಕಡೆ ನೋಡಲಿಲ್ಲ, ಮುಂದೆ ನಡೆದುಬಿಟ್ಟಳು.

ಒಂದೇ ಒಂದು ಸಂಕಟ. ಉಗ್ರಪ್ಪನ ಕಾಲಿಗೆ ಹಾಕಿದ ಸಲಾಕೆ ಸರಿಯಾಗಿ ಕೂತಿಲ್ಲವಂತೆ, ಇನ್ನೊಂದು ಆಪರೇಷನ್ ಆಗಬೇಕು, ಇಲ್ಲದಿದ್ದರೆ ಮತ್ತೆ ಮರ ಹತ್ತಲಾರ. ಯಾವ ಗಾಡಿ ಎಂದು ಗೊತ್ತಿಲ್ಲದ ಮೇಲೆ ವಿಮೆಯವರು ಒಪ್ಪುವುದಿಲ್ಲ. ಅದಕ್ಕೇ ಖರ್ಚು ನಾನು ನೋಡಿಕೊಳ್ಳುತ್ತೇನೆ ಎಂದು ಮತ್ತೆ ಹೋಗಿದ್ದೆ. ಗಿಡ್ಡಮ್ಮ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. ‘ಸೆರಗಿಗೆ ಹಾಕಿದ್ಮ್ಯಾಲೆ ನಿಮ್ ಕೈಯಿಂದ ಒಂದ್ ಕಾಸೂ ಮುಟ್ಟಾಕಿಲ್ಲ. ಮುಟ್ಟಿದ್ರೆ ಮಾತ್ ಮಾರ್ಕಂಡಂಗಾಯ್ತದೆ’ ಎಂದಳು. ಹಸು ಮಾರುತ್ತಾಳಂತೆ. ನಾನೇನು ಮಾಡಲಿ? ಕೇಳಿದೆ, ಬೇಡ ಎಂದಳು.

ನೀನು ಬಾ.

ಅಮ್ಮ

*

ಸೊಲ್ಲಾಪುರ
2 ಫೆಬ್ರುವರಿ 2025

ಅಮ್ಮ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನೀನು ಹೆಮ್ಮೆಯಿಂದ ಬರೆದಿದ್ದೀಯ. ನನಗೆ ಓದುತ್ತಾ ನಾಚಿಕೆಯಾಯಿತು.

ಮಂಜಿತ್ತು ಅನ್ನುವುದು ನಿಜ. ನಾಯಿ ಅನ್ನುವುದು ಸುಳ್ಳು. ನಿಲ್ಲಿಸಲಿಲ್ಲ ಅನ್ನುವುದೂ ಸುಳ್ಳು. ಬಸ್ತಿಹಳ್ಳಿ ತಿರುವಿನಲ್ಲಿ ತಾಗಿದ ತಕ್ಷಣ ಬ್ರೇಕ್ ಹಾಕಿ ಇಳಿದು ಓಡಿದೆ. ಉಗ್ರಪ್ಪ ರಸ್ತೆ ಪಕ್ಕದಲ್ಲಿ ಬಿದ್ದಿದ್ದ, ಮರ ಹತ್ತುವ ಹಗ್ಗ ಇನ್ನೂ ಹೆಗಲ ಮೇಲೇ ಇತ್ತು. ಹತ್ತಿರ ಹೋಗಿ ಬಗ್ಗಿದೆ. ಅವನು ಎರಡೂ ಕೈಯಲ್ಲಿ ನನ್ನ ಪಾದ ಹಿಡಿದುಕೊಂಡ. ಯಾರು ಹೊಡೆದದ್ದು ಅಂತ ಅವನಿಗೆ ಗೊತ್ತಿರಲಿಲ್ಲ, ಯಾರೋ ಕಾಪಾಡುವುದಕ್ಕೆ ಬಂದರು ಅಂದುಕೊಂಡ. ‘ಅಣ್ಣಾ, ಬುಟ್ಟೋಗ್ಬ್ಯಾಡ ಕಣಣ್ಣ. ನೀನೇ ಗತಿ’ ಅಂದ.

ಆ ಮಂಜಿನೊಳಗಿಂದ ‘ಉಗ್ರಾ’ ಅಂತ ಹೆಂಗಸಿನ ಕೂಗು ಕೇಳಿತು. ನನ್ನ ಕಣ್ಣ ಮುಂದೆ ಬಂದದ್ದು ಆ ಡ್ರೈವರ್ ಕೆಲಸ. ಕಾಲು ಕಿತ್ತುಕೊಂಡೆ ಅಮ್ಮ. ಚಪ್ಪಲಿ ಅವನ ಕೈಯಲ್ಲೇ ಉಳಿಯಿತು. ಮನೆಗೆ ಬಂದಾಗ ಒಂದು ಕಾಲು ಬರಿಗಾಲು, ನೀನು ಗಾಬರಿಯಲ್ಲಿ ನೋಡಲಿಲ್ಲ.

ಪಾಠ ಹೇಳಿದ್ದು ನೀನು. ಶರಣು ಬಂದವನಿಗಿಂತ ಬರಮಾಡಿಕೊಂಡವನ ಮೇಲೆ ಭಾರ ಅಂತ ಬರೆದೆಯಲ್ಲ, ಆ ಸಾಲು ಓದಿದಾಗಿನಿಂದಲೇ ನನಗೆ ಅನ್ನ ಸೇರಲಿಲ್ಲ. ಪೊಲೀಸರ ಭಯ ಅಂತ ನೀನು ತಿಳಿದೆ. ಅವತ್ತು ಶರಣು ಬಂದವನು ಉಗ್ರಪ್ಪ. ಕಾಯಬೇಕಾಗಿದ್ದವನು ನಾನು. ಒದ್ದು ಬಂದೆ. ಈಗ ನೀನು ಹೋಗಿ ಆ ಭಾರವನ್ನೂ ಅವರ ಮನೆಯ ಮೇಲೇ ಹಾಕಿ ಬಂದಿದ್ದೀಯ. ಕಾಲು ಮುರಿಸಿಕೊಂಡವರು, ಕಾಲು ಮುರಿದವನನ್ನು ಕಾಯಬೇಕು. ಅದಕ್ಕಾಗಿ ಹಸು ಮಾರಬೇಕು. ನೀನು ಕಲಿಸಿದ ಮಾತಿನಲ್ಲಿ ಇದು ಎಲ್ಲಿದೆ, ಹೇಳು.

ನಿನ್ನನ್ನು ಬೈಯುತ್ತಿಲ್ಲ. ನನ್ನ ಹೆದರಿಕೆಯ ಕಾಗದ ಓದಿ ನೀನು ಓಡಿದೆ. ಆದರೆ ಗಿಡ್ಡಮ್ಮನ ಬಾಯಿಗೆ ಹಾಕಿದ ಗಂಟನ್ನು ನಾನು ಬಿಚ್ಚುತ್ತೇನೆ. ಬರುತ್ತಿದ್ದೇನೆ.

ಮಹಾಂತೇಶ್

*

ಜಾವಗಲ್
7 ಫೆಬ್ರುವರಿ 2025

ಮಗನೇ,

ಬೇಡ. ಇದೊಂದು ಮಾತು ಕೇಳು.

ನಾನು ಬರೆದ ಕಾಗದಗಳನ್ನೆಲ್ಲ ಹರಿದುಹಾಕು. ನಿಘಂಟು, ಬಿರುದು, ಹಳಗನ್ನಡ ಎಲ್ಲ ಶಾಲೆಯಲ್ಲಿ ಹೇಳುವುದಕ್ಕೆ ಚೆನ್ನ. ಆ ಟೀಚರ್ ನಿವೃತ್ತಿಯಾದಳು ಎಂದುಕೋ. ಈಗ ಬರೆಯುತ್ತಿರುವವಳು ನಿನ್ನ ತಾಯಿ. ಕೆಲಸದ ಆದೇಶ ನಿನ್ನೆ ಅಂಚೆಯಲ್ಲಿ ಬಂದಿದೆ. ದೇವರ ಮುಂದೆ ಇಟ್ಟಿದ್ದೇನೆ. ಈ ತಿಂಗಳ ಕೊನೆಯೊಳಗೆ ಹಾಜರಾಗಬೇಕಂತೆ. ನಿಮ್ಮಪ್ಪ ಇದ್ದಿದ್ದರೆ ಊರಿಗೆಲ್ಲ ಬೂಂದಿ ಹಂಚುತ್ತಿದ್ದರು.

ಸುಳ್ಳು ಹೇಳುವುದಿಲ್ಲ, ಗಿಡ್ಡಮ್ಮನ ಮುಖ ನನ್ನನ್ನು ಬಿಡುತ್ತಿಲ್ಲ. ನಿನ್ನ ಕಾಗದ ಓದಿದ ಮೇಲಂತೂ ಕನ್ನಡಿ ನೋಡಿಕೊಂಡಿಲ್ಲ. ಆದರೂ ಹೇಳುತ್ತೇನೆ, ನನಗೆ ನೀನು ಮೊದಲು. ಬೇರೆ ಎಲ್ಲ ಆಮೇಲೆ. ಆಕೆ ಕೊಟ್ಟಾಗಿದೆ, ನಾನು ತೆಗೆದುಕೊಂಡಾಗಿದೆ. ಅದನ್ನು ನೀನು ಕೆಡಿಸಬೇಡ. ಕಾಲಿಗೆ ಬೀಳುತ್ತೇನೆ ಕಣೋ.

ಅಮ್ಮ

*

ಹಾಸನ ಜೈಲು
16 ಫೆಬ್ರುವರಿ 2025

ಅಮ್ಮ,

ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಕಾಗದ, ಪೆನ್ನು ಇಲ್ಲಿಯವರು ಕೊಟ್ಟರು. ನಾನು ಚೆನ್ನಾಗಿದ್ದೇನೆ. ಇದು ಸುಳ್ಳಲ್ಲ. ನಿನ್ನೆ ಹೊಟ್ಟೆ ತುಂಬ ಊಟ ಮಾಡಿದೆ.

ನಿನ್ನ ಕೊನೆಯ ಕಾಗದ ನಾನು ಹೊರಡುವ ಬೆಳಿಗ್ಗೆ ಸಿಕ್ಕಿತು. ಆದೇಶ ಬಂದಿದೆ ಅಂತ ಓದಿ ಗೋದಾಮಿನಲ್ಲಿ ಕೂತು ಜೋರಾಗಿ ಅತ್ತೆ. ಶರತ್ಚಂದ್ರ ಬೆನ್ನು ತಟ್ಟಿ, ‘ಏನ್ಲಾ, ಹೋಗಲೇಬೇಕೇನ್ಲಾ?’ ಅಂದ. ಹೋಗಬೇಕು ಅಂದೆ. ಅವನೇ ಸ್ಟೇಷನ್ನಿಗೆ ಬಿಟ್ಟ.

ಅರಸೀಕೆರೆಯಲ್ಲಿ ಇಳಿದು ಹಳೇಬೀಡಿನ ಬಸ್ಸು ಹತ್ತಿದೆ. ಬಸ್ಸು ಜಾವಗಲ್‌ನಲ್ಲಿ ನಿಂತಿತು. ಇಳಿದರೆ ನಿನ್ನ ಕೈಯಿಂದ ಬಿಡಿಸಿಕೊಂಡು ಬರಲಾರೆ ಅಂತ ಗೊತ್ತಿತ್ತು. ಅದಕ್ಕೆ ಇಳಿಯಲಿಲ್ಲ. ಆ ಎರಡು ನಿಮಿಷ ನನಗೆ ಬಹಳ ಕಷ್ಟವಾಯಿತು.

ಬಸ್ತಿಹಳ್ಳಿಗೆ ಹೋದಾಗ ಗಿಡ್ಡಮ್ಮ ಬಾಗಿಲಲ್ಲೇ ಇದ್ದರು. ನಾನು ಯಾರು ಅಂತ ಹೇಳಬೇಕಾಗಲಿಲ್ಲ. ‘ಯಾಕ್ ಬಂದ್ಯಪ್ಪ? ನಿಮ್ಮವ್ವಂಗೆ ಮಾತ್ ಕೊಟ್ಟಾಗದೆ, ಹೋಗು’ ಅಂದರು. ‘ಠಾಣೆಗೆ ಹೋಗ್ತಿದೀನಿ. ನೀವೂ ಬಂದು ಕಂಡಿದ್ದನ್ನ ಹೇಳಿ’ ಅಂದೆ. ‘ಹೆಂಗ್ ಹೇಳ್ಲಿ? ಸೆರಗಿಗೆ ಹಾಕಿವ್ನಿ’ ಅಂದರು. ‘ಆ ಸೆರಗು ನನ್ನ ಸಲುವಾಗಿ ಒಡ್ಡಿದ್ದು ಗಿಡ್ಡಮ್ಮ. ನನಗೆ ಅದು ಬೇಡ. ನಿಮ್ಮ ಮಾತು ನಿಮಗೆ ವಾಪಸ್ಸು’ ಅಂದೆ. ಅವರು ಕದಲಲಿಲ್ಲ. ಆಗ ಮಂಚದ ಮೇಲಿಂದ ಉಗ್ರಪ್ಪ ತಲೆಯೆತ್ತಿ ನನ್ನನ್ನೇ ನೋಡಿದ. ನಾನು ಅವನ ಹತ್ತಿರ ಹೋಗಿ ಎಲ್ಲ ಹೇಳಿದೆ, ಕಾಲು ಕಿತ್ತುಕೊಂಡದ್ದನ್ನೂ ಹೇಳಿದೆ. ಉಗಿಯುತ್ತಾನೆ ಅಂದುಕೊಂಡೆ. ಗೋಡೆ ಕಡೆ ಮುಖ ತಿರುಗಿಸಿದ. ಹಾಗೇ ಮಲಗಿಕೊಂಡು, ‘ಹೋಗವ್ವ ಜತೇಲಿ. ನಂಗೆ ಕಾಲ್ ಬೇಕು’ ಅಂದ.

ಠಾಣೆಯಲ್ಲಿ ನಾನು ಎಲ್ಲ ಬರೆಸಿದೆ. ಸಬ್ ಇನ್ಸ್‌ಪೆಕ್ಟರ್ ಗಿಡ್ಡಮ್ಮನ ಕಡೆ ತಿರುಗಿ ಕೇಳಿದರು, ‘ಇವನೇನಮ್ಮ?’ ಅವರು ನನ್ನನ್ನು ನೋಡುತ್ತಾ ನಿಂತರು. ನಾನು ಕೈಮುಗಿದು, ಹೇಳಿ ಅಂದೆ. ಆಗ ಅವರಿಗೆ ಬಂದ ಕೋಪ ನೋಡಬೇಕಿತ್ತು ಅಮ್ಮ. ‘ಇವ್ನೇ ಸ್ವಾಮಿ! ಇವ್ನೇ ನನ್ ಮಗನ ಕಾಲ್ ಮುರ್ದೋನು! ಬಿದ್ದೋನ ಕೈಯಿಂದ ಕಾಲ್ ಕಿತ್ಕಂಡ್ ಓಡೋದ್ನಲ್ಲ, ಇವ್ನೇ!’ ಠಾಣೆಯೆಲ್ಲ ಕೇಳುವ ಹಾಗೆ ಕೂಗಿದರು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಬೈಸಿಕೊಳ್ಳುತ್ತಾ ನಿಂತ ನನಗೆ ಎಷ್ಟು ಹಗುರವಾಯಿತು ಅಂತ ಬರೆದು ತಿಳಿಸಲಾರೆ. ‘ಮತ್ತೆ ಅವತ್ತು ಮೈದಾನದಲ್ಲಿ ಯಾಕೆ ಇಲ್ಲ ಅಂದೆ?’ ಅಂತ ಸಬ್ ಇನ್ಸ್‌ಪೆಕ್ಟರ್ ಕೇಳಿದರು. ‘ಅವತ್ತು ಬಾಯ್ ಕಟ್ಟಿತ್ತು. ಇವತ್ತು ಬಿಚ್ಚದೆ’ ಅಂದರು, ಅಷ್ಟೇ. ನಿನ್ನ ಹೆಸರು ಎತ್ತಲಿಲ್ಲ. ಸಬ್ ಇನ್ಸ್‌ಪೆಕ್ಟರೂ ಹೆಚ್ಚು ಕೆದಕಲಿಲ್ಲ.

ಉಗ್ರಪ್ಪನಿಗೆ ವಿಮೆ ಸಿಗಲು ಬೇಕಾದ ಕಾಗದಗಳನ್ನು ಮಾಡಿಕೊಡಲು ಚೇತನ್‌ಕುಮಾರ್ ಅವರಿಗೇ ಹೇಳು. ಕೆಲಸದ ಆದೇಶವನ್ನು ದೇವರ ಮುಂದಿನಿಂದ ತೆಗೆದು ವಾಪಸ್ಸು ಕಳಿಸಿಬಿಡು. ಅದು ನನಗೆ ದುಃಖವೇ, ಇಲ್ಲ ಅನ್ನುವುದಿಲ್ಲ. ತಲೆತಪ್ಪಿಸಿಕೊಂಡಿದ್ದವನು ಅಂತ ಸದ್ಯಕ್ಕೆ ಜಾಮೀನು ಕೊಟ್ಟಿಲ್ಲ, ಸ್ವಲ್ಪ ದಿನ ಹಿಡಿಯಬಹುದು. ನೀನು ಅಳಬೇಡ.

ಇನ್ನೊಂದು ಹೇಳಬೇಕು. ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ ಮೇಲೆ ಗಿಡ್ಡಮ್ಮನಿಗೆ ಇನ್ನು ಹೋಗಬಹುದು ಅಂದರು. ಅವರು ಹೋಗಲಿಲ್ಲ. ನನ್ನನ್ನು ಕೂರಿಸಿದ್ದ ಕೋಣೆಯ ಬಾಗಿಲಿಗೆ ಬಂದು, ಅಲ್ಲೇ ನೆಲದ ಮೇಲೆ ಸೆರಗು ಹೊದ್ದು ಕೂತುಬಿಟ್ಟರು. ಕಾನ್‌ಸ್ಟೆಬಲ್ ಒಬ್ಬರು, ‘ಏಳಜ್ಜಿ, ಬಸ್ ತಪ್ಪೋಯ್ತದೆ’ ಅಂದರು. ‘ಈ ಹುಡ್ಗ ತಾನಾಗೇ ನನ್ ಬಾಗ್ಲಿಗೆ ಬಂದವ್ನೆ ಸ್ವಾಮಿ. ಇವನ ಮೈ ಯಾರೂ ಮುಟ್ಟಬಾರ್ದು. ಮುಟ್ಟಾಕಿಲ್ಲ ಅಂತ ನಂಗೆ ನಂಬ್ಕೆ ಆಗೋಗಂಟ ನಾನ್ ಏಳಾಕಿಲ್ಲ’ ಅಂದರು. ಯಾರೂ ಮುಟ್ಟುವವರಿರಲಿಲ್ಲ, ಆ ಪೊಲೀಸರು ಒಳ್ಳೆಯವರೇ. ಎಷ್ಟು ಹೇಳಿದರೂ ಗಿಡ್ಡಮ್ಮ ಕೇಳಲಿಲ್ಲ. ನನ್ನನ್ನು ಕೋರ್ಟಿಗೆ ಕರೆದೊಯ್ಯುವ ಜೀಪು ಹೊರಡುವ ತನಕ ಆ ಬಾಗಿಲು ಬಿಟ್ಟು ಏಳಲಿಲ್ಲ.

ನಿನ್ನ ಮಗ
ಮಹಾಂತೇಶ